ಭಾಗ್ಯಾ ತೋಳು

ಘಣಸೋಲಿ ಗಾಂವಿನ ಹೆಂಗಸರಿಗೆ ನನ್ನ ಮೇಲೆ ಸಿಟ್ಟಿದೆ. ಇರಲಿ. ನನಗೂ ಅವರ ಮೇಲೆ ಕಡಿಮೆ ಸಿಟ್ಟೇನಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆ ನನಗೇ ಇದೆ, ಯಾಕೆಂದರೆ ಆ ತೋಳನ್ನು ಕತ್ತರಿಸಿ ಹೊಲಿದವಳು ನಾನು.

ನಾನು ಅನಸೂಯಾ, ಆಳಂದದ ಕಡೆಯಿಂದ ದುಡಿಯಲು ಥಾಣೆ ಹತ್ತಿರದ ಈ ಊರಿಗೆ ಬಂದವಳು. ಗಂಡ ಸೈದಪ್ಪ ತುರ್ಭೆಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾನೆ. ನಾನು ಹಳೆಯ ಊರಿನ ಓಣಿಯಲ್ಲಿ ಒಂದು ಶಟರಿನ ಅಂಗಡಿ ಇಟ್ಟುಕೊಂಡು ಹದಿನೆಂಟು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದೇನೆ. ಬ್ಲೌಸು ಹೊಲಿಯುವವಳಿಗೆ ಓಣಿಯ ಅರ್ಧ ಗುಟ್ಟು ಗೊತ್ತಿರುತ್ತದೆ. ಯಾರಿಗೆ ಮುಟ್ಟು ನಿಂತಿದೆ, ಯಾರು ಚಿಂತೆಯಲ್ಲಿ ಸೊರಗುತ್ತಿದ್ದಾರೆ ಎನ್ನುವುದು ಅವರ ಅತ್ತೆಗಿಂತ ಮೊದಲು ನಮ್ಮ ಟೇಪಿಗೆ ತಿಳಿಯುತ್ತದೆ. ನಾವು ಯಾರಿಗೂ ಹೇಳುವುದಿಲ್ಲ. ಹೇಳಿದರೆ ನಾಳೆ ಒಬ್ಬಳೂ ಪರದೆಯ ಹಿಂದೆ ಬಂದು ಸೆರಗು ಸರಿಸಿ ನಿಲ್ಲುವುದಿಲ್ಲ.

ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ಭಾಗ್ಯಾ ಬಂದಳು. ಸಿಂದಗಿ ಕಡೆಯ ಹುಡುಗಿ, ಇಪ್ಪತ್ತಾರರ ವಯಸ್ಸು, ನಾಲ್ಕು ವರ್ಷದ ಮಗಳಿದ್ದಾಳೆ. ಗಂಡ ಅಂಬಾದಾಸ ಸೆಕ್ಟರಿನ ಕಡೆ ಏಳುತ್ತಿರುವ ದೊಡ್ಡ ಕಟ್ಟಡಗಳಲ್ಲಿ ಮುಕಾದಮ. ಮೂವತ್ತು ಆಳುಗಳನ್ನು ನಡೆಸುತ್ತಾನೆ. ಓಣಿಯಲ್ಲಿ ಎಲ್ಲರಿಗೂ ಅವನೆಂದರೆ ಗೌರವ. ಗಣಪತಿಗೆ ಮಂಟಪ ಹಾಕಿಸುವುದೂ ಅವನೇ, ಯಾರಿಗಾದರೂ ಜ್ವರ ಬಂದರೆ ರಿಕ್ಷಾ ತರುವುದೂ ಅವನೇ.

“ಅಕ್ಕಾ, ಜಂಪರಿಗಿ ಮುಂಗೈ ತನಕಾ ತೋಳ ಇಡು” ಎಂದಳು ಭಾಗ್ಯಾ.

“ಈ ಬಿಸಲಾಗ? ಕುದ್ದು ಹೋಗ್ತಿ, ಹುಚ್ಚಿ.”

“ಹೋದ್ರ ಹೋಗ್ಲಿ ಬಿಡು.”

ಪರದೆಯ ಹಿಂದೆ ಸೆರಗು ಸರಿಸಿದಳು. ಬಲಗೈ ಭುಜದ ಕೆಳಗಿನಿಂದ ಮೊಣಕೈವರೆಗೆ ಕಪ್ಪಾಗಿತ್ತು. ಕೆಲವು ಗಾಯ ಹೊಸದು, ಕೆಲವು ಹಳದಿಗೆ ತಿರುಗಿದ್ದವು. ನಡುನಡುವೆ ಬೆಲ್ಟಿನ ಬಕಲ್ಲಿನ ಚೌಕ ಗುರುತು. ನಾನು ಟೇಪು ಹಿಡಿದುಕೊಂಡೇ ನಿಂತೆ.

“ಮೈದುನನ ಮಗಂದು ತೊಟ್ಟಿಲ ಕಾರ್ಯ ಅದ ಅಕ್ಕಾ. ಎಲ್ಲಾರೂ ಬರ್ತಾರ. ಹಿಂಗೇ ಹೋದ್ರ ನೋಡ್ತಾರ. ದಪ್ಪ ಅರಿವಿಲೆ ಪೂರಾ ಮುಚಗೊಂಡು ಹೋದ್ರ, ಯಾಕ ಮುಚಗೊಂಡಿ ಅಂತ ಕೇಳ್ತಾರ. ನೀನೇ ಏನರೆ ಮಾಡು.”

ಯಾರು ಹೊಡೆದರು, ಯಾಕೆ ಹೊಡೆದರು, ಮನೆಗೆ ಹೇಳಿದೆಯಾ, ಇಷ್ಟನ್ನು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಮುಚ್ಚಬೇಕು, ಆದರೆ ಮುಚ್ಚಿದಂತೆ ಕಾಣಬಾರದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಬಟ್ಟೆಯ ಕಡೆ ಓಡಿತು. ಹೊಲಿಗೆಯ ತೊಡಕು ಎದುರಿಗೆ ಬಂದರೆ ನನಗೆ ಬೇರೇನೂ ಕಾಣುವುದಿಲ್ಲ. ಅದು ನನ್ನ ದೊಡ್ಡ ರೋಗ.

ಮರುದಿನ ಥಾಣೆಯಲ್ಲಿ ಗಾಡಿ ಬದಲಿಸಿ, ಶಹಾಡಿನಲ್ಲಿಳಿದು, ರಿಕ್ಷಾ ಹಿಡಿದು ಉಲ್ಹಾಸನಗರದ ಬಟ್ಟೆ ಮಾರ್ಕೆಟ್ಟಿಗೆ ಹೋದೆ. ಒಳಗೆ ಹಾಕುವ ಅಸ್ತರಿನ ಬಟ್ಟೆಯಲ್ಲಿ ಮೈಬಣ್ಣದವು ಎಷ್ಟಿವೆಯೋ ಅಷ್ಟರ ತುಂಡು ತಂದೆ. ಭಾಗ್ಯಾಳನ್ನು ಅಂಗಡಿಯ ಬಾಗಿಲ ಬೆಳಕಿಗೆ ಕರೆದು ಅವಳ ಎಡ ಮುಂಗೈ ಮೇಲೆ ಒಂದೊಂದೇ ಇಟ್ಟು ನೋಡಿದೆ. ನಾಲ್ಕನೆಯದು ಕೂತಿತು. ಬಟ್ಟೆ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎನ್ನುವುದು ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಆ ಅಸ್ತರನ್ನು ಕೈಗೆ ಅಂಟುವಂತೆ ಬಿಗಿಯಾಗಿ ಕತ್ತರಿಸಿ, ಅದರ ಮೇಲೆ ಸಣ್ಣ ಬುಟ್ಟಾ ಹೂಗಳ ಕಪ್ಪು ನೆಟ್ಟಿನ ಬಟ್ಟೆ ಎಳೆದೆ. ಮುಂಗೈ ಹತ್ತಿರ ಬಟ್ಟೆ ಹೊದಿಸಿದ ಐದು ಪುಟ್ಟ ಗುಂಡಿ ಇಟ್ಟೆ. ನೋಡಿದವರಿಗೆ ನೆಟ್ಟಿನೊಳಗಿಂದ ಕೈಯೇ ಕಾಣುತ್ತಿದೆ ಎನಿಸಬೇಕು. ಹಾಗೆಯೇ ಎನಿಸಿತು.

ತೊಟ್ಟಿಲ ಕಾರ್ಯದಲ್ಲಿ ಮಗುವಿನ ಹೆಸರು ಏನಿಟ್ಟರೆಂದು ಈಗ ಯಾರಿಗೂ ನೆನಪಿಲ್ಲ, ಭಾಗ್ಯಾಳ ಜಂಪರು ಮಾತ್ರ ಎಲ್ಲರಿಗೂ ನೆನಪಿದೆ. ವಾರದೊಳಗೆ ನಾಲ್ಕು ಜನ ಬಂದರು. “ಭಾಗ್ಯಾ ತೋಳ ಹಾಕಿ ಕೊಡ್ರಿ” ಎಂದರು. ಹೆಸರೂ ಅವರೇ ಇಟ್ಟರು. ಒಬ್ಬೊಬ್ಬರನ್ನೂ ಬಾಗಿಲ ಬೆಳಕಿಗೆ ನಿಲ್ಲಿಸಿ ಅಸ್ತರಿನ ತುಂಡು ಇಟ್ಟು ನೋಡುವುದು, ಅವರು ಮೂಗು ಮುರಿಯುವುದು. “ಏ, ನಾ ಇಷ್ಟ ಕರ್ರಗ ಅದೀನೇನು? ಒಂದ್ ನಂಬರ್ ಬೆಳ್ಳಂದು ಹಾಕ್ರಿ.” ಹಾಗೆ ಹಾಕಿದರೆ ಕೈ ಒಂದು ಬಣ್ಣ, ಹಸ್ತ ಒಂದು ಬಣ್ಣ ಆಗುತ್ತದೆ ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಐರೋಲಿಯ ಟವರಿನಿಂದ ಬರುವ ನಳಿನಿ ಮೇಡಂ ಒಬ್ಬರೇ ತಕರಾರು ಮಾಡದೆ ತಮ್ಮ ಬಣ್ಣದ್ದೇ ಆರಿಸಿದರು. ಅವರು ಮೈಸೂರಿನವರು, ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ, ಆರು ವರ್ಷದಿಂದ ನನ್ನಲ್ಲೇ ಹೊಲಿಸುತ್ತಾರೆ. ಓದಿದವರಿಗೆ ಬುದ್ಧಿ ಇರುತ್ತದೆ ಅಂದುಕೊಂಡು ಎರಡು ಹೊಲಿದು ಕೊಟ್ಟೆ. ದೀಪಾವಳಿಯ ಹೊತ್ತಿಗೆ ನಲವತ್ತಮೂರು ಹೆಂಗಸರು ಆ ತೋಳು ಹಾಕಿಕೊಂಡು ಓಡಾಡುತ್ತಿದ್ದರು.

ಅಂಬಾದಾಸ ಒಂದು ದಿನ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದ. “ನಮ್ಮಾಕಿ ಹೆಸರ ಮ್ಯಾಲ ಫ್ಯಾಶನ್ ಆಗ್ಯಾದ ನೋಡ್ರಿ ಅಕ್ಕಾರ!” ಎಂದು ನಕ್ಕ. ಆ ಪೇಢೆಯನ್ನು ನಾನು ತಿಂದೆ. ರುಚಿಯಾಗಿಯೇ ಇತ್ತು.

ಭಾಗ್ಯಾ ಮತ್ತೆ ಜೂನಿನಲ್ಲಿ ಬಂದಳು, ಆಗಸ್ಟಿನಲ್ಲಿ ಬಂದಳು, ದೀಪಾವಳಿಯ ಮುಂದೆ ಬಂದಳು. ಮೊದಲು ಅಂಬಾದಾಸನ ಹೊಡೆತ ಮೊಣಕೈ ದಾಟುತ್ತಿರಲಿಲ್ಲ, ಹೊರಗೆ ಕಾಣುತ್ತದೆಂಬ ಅಂಜಿಕೆ ಇತ್ತು. ಈಗ ಮುಂಗೈವರೆಗೆ ಜಾಗ ಸಿಕ್ಕಿತ್ತು. ಜಾಗ ಮಾಡಿಕೊಟ್ಟವಳು ನಾನು. ಇದು ನನಗೆ ಆಗಲೇ ಹೊಳೆದಿತ್ತು ಎಂದರೆ ಸುಳ್ಳಾಗುತ್ತದೆ, ಹೊಳೆದೇ ಇರಲಿಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳಾಗುತ್ತದೆ. ಪ್ರತಿ ಸಲವೂ ಅಳತೆ ತಗೊಂಡೆ, ಹೊಲಿದೆ, ಸುಮ್ಮನಿದ್ದೆ.

ಇಷ್ಟರಲ್ಲಿ ನಳಿನಿ ಮೇಡಂ ಮಗಳು ಇಂಚರ ಬಂದು ಗಂಟುಬಿದ್ದಳು. ಫ್ಯಾಶನ್ ಡಿಸೈನಿನ ಕೊನೆಯ ವರ್ಷ. ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ಬಟ್ಟೆಯಿಂದ ಎದುರಿಸುವುದು ಅವಳ ಪ್ರಾಜೆಕ್ಟಂತೆ. ಕಾಗದದ ಮೇಲೆ ಬರೆದದ್ದು ಚೆಂದವಾಗಿಯೇ ಇತ್ತು. ಹೊಲಿಯಬೇಕಾದವಳು ನಾನಲ್ಲವೇ? ದುಪಟ್ಟಾದ ಅಂಚಿನಲ್ಲಿ ಸೈರನ್ ಇಡಬೇಕು, ಜಗ್ಗಿದರೆ ಕೂಗಬೇಕು.

“ಥಾಣಾ ಲೋಕಲ್‌ನಾಗ ಬೆಳಿಗ್ಗಿ ಒಂಬತ್ತಕ್ಕ ಯಾರ ದುಪಟ್ಟಾ ಯಾರ ಜಗ್ಗಂಗಿಲ್ಲ ಹೇಳವಾ?” ಎಂದೆ. “ಘಣಸೋಲಿಂದ ಥಾಣಾ ತನಕಾ ಕೂಗಕೋತೇ ಹೋಗ್ತದ.”

“ಆಂಟಿ, ಸೆನ್ಸಿಟಿವಿಟಿ ಕಮ್ ಕರ್ ಸಕ್ತೇ ಹೈ ನಾ.” ಸ್ವಲ್ಪಕ್ಕೇ ಕೂಗದ ಹಾಗೆ ಮಾಡಬಹುದು ಎಂದು. ಈ ಹುಡುಗಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಹಿಂದಿಯೇ ಹೆಚ್ಚು.

“ಒಗಿಯೂ ಮುಂದ?”

“ತೆಗೆದಿಡ್‌ಬೇಕು ಆಂಟಿ.”

ಕುರ್ತಾದ ಕಾಲರಿನಲ್ಲಿ ಮುಳ್ಳು, ನಡುಪಟ್ಟಿಯಲ್ಲಿ ಸೀಟಿ. ಕಿಸೆ ಎಲ್ಲಿದೆ ಎಂದರೆ ಕಿಸೆ ಇಲ್ಲ, ಲೈನ್ ಕೆಡುತ್ತದಂತೆ. ಹೆಣ್ಣುಮಗಳನ್ನು ಕಾಯುವ ಅಂಗಿಗೆ ರಿಕ್ಷಾದ ದುಡ್ಡು ಇಟ್ಟುಕೊಳ್ಳಲು ಒಂದು ಕಿಸೆ ಇಲ್ಲ! ಹುಡುಗಿಯ ಮನಸ್ಸು ಒಳ್ಳೆಯದು, ಅದಕ್ಕೇ ಇನ್ನೂ ಸಿಟ್ಟು ಬರುತ್ತಿತ್ತು. ಅವಳ ಪ್ರಕಾರ ಹೊಡೆಯುವವರೆಲ್ಲ ರಸ್ತೆಯಲ್ಲಿ, ಸ್ಟೇಷನ್ನಿನಲ್ಲಿ, ಕತ್ತಲಲ್ಲಿ ಇರುತ್ತಾರೆ. ಮನೆಯ ಬಾಗಿಲು ಹಾಕಿಕೊಂಡರೆ ಮುಗಿಯಿತು.

ಒಂದು ಮಧ್ಯಾಹ್ನ ಹ್ಯಾಂಗರಿನಲ್ಲಿದ್ದ ತೋಳು ಅವಳ ಕಣ್ಣಿಗೆ ಬಿತ್ತು. ಕೈ ಒಳಗೆ ತೂರಿಸಿ ತಿರುಗಿಸಿ ನೋಡಿದಳು. “ವಾವ್ ಆಂಟಿ! ಯೇ ಕಿಸ್ಕಾ ಡಿಸೈನ್ ಹೈ?” ಭಾಗ್ಯಾಳ ಹೆಸರು ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಂಜೆಯೊಳಗೆ ಇಂಚರ ಭಾಗ್ಯಾಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದಳು. ನೆರುಳಿನ ಕಾಲೇಜಿನಲ್ಲಿ ಜನವರಿಗೆ ಶೋ ಇದೆ, ದುಡಿಯುವ ಹೆಂಗಸರೇ ಕಂಡುಹಿಡಿದ ಫ್ಯಾಶನ್ ಎಂದು ಭಾಗ್ಯಾಳೇ ಅದನ್ನು ತೊಟ್ಟು ನಡೆಯಬೇಕು ಎಂದಳು. ಭಾಗ್ಯಾ ಏನಾದರೂ ಹೇಳುವ ಮೊದಲೇ ಅಂಬಾದಾಸ ಹೂಂ ಎಂದಿದ್ದ.

ಶೋ ನೋಡಲು ನಾನೂ ಹೋದೆ. ಬಾಗಿಲಲ್ಲಿ ಒಂದು ಬಿಳಿ ಹಲಗೆ ಇಟ್ಟಿದ್ದರು. ಬಂದ ಗಂಡಸರೆಲ್ಲ ಹೆಣ್ಣಿನ ಮೇಲೆ ಕೈ ಎತ್ತುವುದಿಲ್ಲ ಎಂದು ಅದರ ಮೇಲೆ ಸಹಿ ಮಾಡಬೇಕು, ಮಾಡಿದವರಿಗೆ ಸರ್ಟಿಫಿಕೇಟು. ಅಂಬಾದಾಸ ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿ ಮೊದಲ ಸಾಲಿನಲ್ಲಿ ಕೂತ. ಸೈರನ್ನಿನ ದುಪಟ್ಟಾ ಅರ್ಧದಾರಿಯಲ್ಲಿ ತಾನೇ ಕೂಗಿಕೊಂಡು ಎಲ್ಲರನ್ನೂ ನಗಿಸಿತು. ಕೊನೆಗೆ ಭಾಗ್ಯಾ ಬಂದಳು. ಹೇಳಿಕೊಟ್ಟಂತೆ ನಡುವೆ ನಿಂತು ಎರಡೂ ಕೈ ಮೇಲೆತ್ತಿದಳು. ಬೆಳಕಿನಲ್ಲಿ ಕೈಗಳು ಹೊಳೆದವು. ಅಂಬಾದಾಸ ಎದ್ದು ನಿಂತು ಚಪ್ಪಾಳೆ ಹೊಡೆದ. ಆ ಅಸ್ತರಿನ ಕೆಳಗೆ ಏನಿದೆ ಎಂದು ಗೊತ್ತಿದ್ದವರು ಆ ಹಾಲಿನಲ್ಲಿ ಮೂವರೇ. ಅಂಥ ಹೊತ್ತಿನಲ್ಲೂ ನಾನು ಭುಜದ ಹತ್ತಿರ ಒಂದೂ ಸುಕ್ಕು ಬಿದ್ದಿಲ್ಲ ಎಂದು ಹೆಮ್ಮೆಪಟ್ಟೆ. ನನ್ನಂಥವಳಿಗೆ ಏನನ್ನಬೇಕು?

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಂಬಾದಾಸ ಮಗಳ ಮೇಲೆ ಕೈ ಎತ್ತಿದ, ಅಡ್ಡ ಬಂದ ಹೆಂಡತಿಗೂ ಹೊಡೆದ. ತನ್ನ ಮೈಮೇಲೆ ಎಷ್ಟಾದರೂ ಸಹಿಸಿದ್ದ ಭಾಗ್ಯಾ ಅವತ್ತು ಮಗುವನ್ನು ಎತ್ತಿಕೊಂಡು ನೇರ ಪೊಲೀಸ್ ಠಾಣೆಗೆ ಹೋದಳು. ಮಗುವಿನೊಂದಿಗೆ ಬದಲಾಪುರದ ಅಣ್ಣ ಗುರುನಾಥನ ಮನೆ ಸೇರಬೇಕು, ಅದಕ್ಕೆ ಮೊದಲು ಕಂಪ್ಲೇಂಟ್ ಬರೆಸಬೇಕು ಎಂದು ಅವಳ ಲೆಕ್ಕ. ಹಿಂದೆಯೇ ಅಂಬಾದಾಸ ನಾಲ್ಕು ಜನರೊಂದಿಗೆ ಬಂದ. ಚೌಕಟ್ಟು ಹಾಕಿಸಿದ ಆ ಸರ್ಟಿಫಿಕೇಟೂ ತಂದಿದ್ದ. ಹೆಂಡತಿಗೆ ತಲೆ ಸರಿಯಿಲ್ಲ, ಹೆಂಡತಿ ಬೇಕಾದರೆ ತವರಿಗೆ ಹೋಗಲಿ, ಮಗುವನ್ನು ಮಾತ್ರ ಮನೆಗೆ ಕಳಿಸಿಕೊಡಿ ಎಂದು ಕೂತ. ಹನ್ನೊಂದು ಗಂಟೆಗೆ ಭಾಗ್ಯಾ ನನಗೆ ಫೋನ್ ಮಾಡಿದಳು.

“ಅಕ್ಕಾ, ಬರ್ತೀಯೇನು? ನನ್ ಮಾತ ಯಾರೂ ನಂಬವಲ್ರು. ಕೂಸಿಗಿ ಅವನ ಕೂಡ ಕಳಸ್ತಾರ ಅನಸ್ತದ.”

ಸೈದಪ್ಪನಿಗೆ ಅವತ್ತು ರಜೆ. “ನಿನಗ್ಯಾಕ ಬೇಕು ಊರ ಉಸಾಬರಿ?” ಎಂದ. “ನೀ ಅಳತಿ ತಗೊಳ್ಳೂ ಮುಂದ ಕಂಡದ್ದು ಠಾಣ್ಯಾಗ ಹೇಳ್ದಿ ಅಂದ್ರ ನಾಳಿಗಿ ಒಬ್ಬಾಕಿನೂ ಅಂಗಡಿ ಮೆಟ್ಟಲ ಹತ್ತಂಗಿಲ್ಲ.” ಅವನು ಹೇಳಿದ್ದು ನಿಜವೇ, ಅದಕ್ಕೇ ಇನ್ನಷ್ಟು ರೇಗಿತು. ಶೋಗೆ ಹಾಕಿದ್ದ ಬ್ಲೌಸು ಹುಕ್ಕು ಬದಲಿಸಲೆಂದು ನನ್ನಲ್ಲೇ ಇತ್ತು. ಅದನ್ನೂ ಸಣ್ಣ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ಠಾಣೆಯಲ್ಲಿ ಕುರ್ಚಿಯ ಮೇಲೆ ಹೆಣ್ಣು ಫೌಜದಾರರಿದ್ದರು. ಕೆಟ್ಟವರಲ್ಲ, ದಣಿದವರು. ಭಾಗ್ಯಾಳ ಕೈಮೇಲೆ ಅವತ್ತಿನ ಗಾಯ ಎದ್ದು ಕಾಣುತ್ತಿತ್ತು. ಕಟ್ಟಡದ ಮೆಟ್ಟಿಲ ಮೇಲಿಂದ ಬಿದ್ದಳು ಎಂದು ಅಂಬಾದಾಸ ಹೇಳಿದ್ದ. ವರ್ಷದಿಂದ ಹೊಡೆಯುತ್ತಿದ್ದಾನೆ ಎಂದು ಇವಳು ಹೇಳಿದ್ದಳು. ಅದಕ್ಕವನು ಮೊಬೈಲ್ ತೆಗೆದು ಜನವರಿಯ ಶೋದ ಫೋಟೋ ತೋರಿಸಿದ್ದ. ಎರಡೂ ಕೈ ಮೇಲೆತ್ತಿ ನಿಂತಿದ್ದಾಳೆ, ನೆಟ್ಟಿನೊಳಗೆ ಕೈ ನುಣ್ಣಗಿದೆ, ಒಂದು ಗೀರೂ ಇಲ್ಲ. ಮುಂದೆ ಗಂಡ ಚಪ್ಪಾಳೆ ಹೊಡೆಯುತ್ತಿದ್ದಾನೆ.

“ಕಿಸ್ನೆ ದೇಖಾ ಹೈ?” ಎಂದರು ಫೌಜದಾರ್ ಮೇಡಂ, ಹೊಡೆದದ್ದನ್ನು ನೋಡಿದವರು ಯಾರು ಎಂದು.

ನಾನು ಬ್ಲೌಸನ್ನು ಅವರ ಮೇಜಿನ ಮೇಲೆ ಹರಡಿದೆ. ಭುಜದ ಹೊಲಿಗೆಗೆ ಕತ್ತರಿ ಹಾಕಿ ನೆಟ್ಟನ್ನು ಬಿಚ್ಚಿ ಎತ್ತಿದೆ. ಕೆಳಗೆ ಮೈಬಣ್ಣದ ಅಸ್ತರು ಹಾವಿನ ಪೊರೆಯ ಹಾಗೆ ಬಿದ್ದುಕೊಂಡಿತ್ತು. ನನಗೆ ಬರುವ ಹಿಂದಿಯಲ್ಲಿ ಹೇಳಿದೆ, ಫೋಟೋದಲ್ಲಿ ಕಾಣುವುದು ಚರ್ಮವಲ್ಲ ಮೇಡಂ, ಬಟ್ಟೆ. ಅವರು ಮೊಬೈಲನ್ನು ಹತ್ತಿರ ಹಿಡಿದು ನೋಡಿದರು, ಅಸ್ತರಿನೊಳಗೆ ಬೆರಳು ತೂರಿಸಿ ನೋಡಿದರು, ಆಮೇಲೆ ಅದನ್ನು ಭಾಗ್ಯಾಳ ಹಸ್ತದ ಪಕ್ಕ ಇಟ್ಟು ನೋಡಿದರು.

“ಅದು ಫ್ಯಾಶನ್ ಅದರೀ ಮೇಡಂ” ಎಂದು ಹಿಂದಿಯಲ್ಲಿ ಹೇಳಿ ಅಂಬಾದಾಸ ನಕ್ಕ. “ನಮ್ಮ ಓಣ್ಯಾಗ ಎಲ್ಲಾ ಹೆಂಗಸ್ರೂ ಹಾಕ್ತಾರ.”

“ಎಲ್ಲಾರೂ ಆಮ್ಯಾಲ ಹಾಕ್ಯಾರ” ಎಂದೆ. ದನಿ ಏರಿತ್ತು, ಹಿಂದಿ ಎಲ್ಲಿ ಹೋಯಿತೋ ಗೊತ್ತಿಲ್ಲ. “ಮೊದಲ ನಾ ಹೊಲದದ್ದು ನೀ ಹೊಡದದ್ದು ಮುಚ್ಚಲಾಕ. ಏಪ್ರಿಲ್‌ದಾಗ ಕಂಡೀನಿ, ಜೂನ್‌ದಾಗ ಕಂಡೀನಿ, ಆಗಸ್ಟ್‌ದಾಗ ಕಂಡೀನಿ, ದೀಪಾವಳಿ ಮುಂದ ಮುಂಗೈ ಬಾತಿತ್ತು, ಗುಂಡಿ ಸರಿಸಿ ಹಚ್ಚೀನಿ. ಬರಕೋರಿ ಮೇಡಂ, ಅನಸೂಯಾ ಸೈದಪ್ಪ, ಲೇಡಿಸ್ ಟೇಲರ್, ನಾ ನೋಡೀನಿ.”

ಭಾಗ್ಯಾ ಅದನ್ನೆಲ್ಲ ಹಿಂದಿಯಲ್ಲಿ ತಿರುಗಿಸಿ ಹೇಳಿದಳು. ಒಂದು ಮಾತೂ ಬಿಡಲಿಲ್ಲ. ಫೌಜದಾರ್ ಮೇಡಂ ಬರೆಯಲು ಕಾಗದ ಎಳೆದುಕೊಂಡವರು ನನ್ನ ಕಡೆ ನೋಡಿ, “ಇತ್ನೇ ದಿನ್ ಚುಪ್ ಕ್ಯೋಂ ಥೀ?” ಎಂದರು, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು. ಬ್ಲೌಸು ಚೆನ್ನಾಗಿ ಬಂದಿತ್ತು ಎಂದು ಹೇಳಲಾಗುತ್ತದೆಯೇ? ಕಂಪ್ಲೇಂಟ್ ಬರೆದದ್ದಾಯಿತು. ಮಧ್ಯಾಹ್ನದ ಗಾಡಿಗೆ ಭಾಗ್ಯಾ, ಮಗಳು, ಕರೆಯಲು ಬಂದ ಗುರುನಾಥ ಮೂವರೂ ಬದಲಾಪುರಕ್ಕೆ ಹೋದರು. ಮಗು ನನಗೆ ಟಾಟಾ ಮಾಡಿತು.

ಮರುದಿನ ಬೆಳಿಗ್ಗೆ ಶಟರು ಎತ್ತುವಷ್ಟರಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಯಾರೂ ಬರುವುದಿಲ್ಲ ಎಂದಿದ್ದ ಸೈದಪ್ಪ. ಎಲ್ಲರೂ ಬಂದರು. ಕೈಯಲ್ಲಿ ಭಾಗ್ಯಾ ತೋಳಿನ ಬ್ಲೌಸು, ಮುಖದಲ್ಲಿ ಕೆಂಡ.

“ಇದ ಕತ್ರಿಸಿ ಹಾಕ್ರಿ ಮೊದಲ. ನಮ್ಮನಿಯವ್ರು ಇವತ್ತಿನ ತನಕಾ ಕೈ ಎತ್ತಿಲ್ಲ. ಮಂದಿ ಏನ್ ತಿಳಕೊಂಡಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ. ಕೆಲವರ ಗಂಡಂದಿರೇ ಬ್ಲೌಸು ಹಿಡಿದುಕೊಂಡು ಬಂದು ಕತ್ತರಿ ಆಡುವ ತನಕ ಎದುರಿಗೆ ನಿಂತರು. ಕತ್ತರಿಸಿದ ನೆಟ್ಟನ್ನು ಮಗಳ ಫ್ರಾಕಿಗೆ ಹಚ್ಚಿಕೊಡು ಎಂದವರಿದ್ದರು. ನಿನ್ನಿಂದ ಮರ್ಯಾದೆ ಹೋಯಿತು, ಬಿಟ್ಟಿ ಮಾಡಿಕೊಡು ಎಂದವರಿದ್ದರು. ಭಾಗ್ಯಾ ಹೇಗಿದ್ದಾಳೆ ಎಂದು ಒಬ್ಬಳಾದರೂ ಕೇಳಬೇಕಲ್ಲ! ಇಂಚರ ಬಂದು ಸ್ಟೂಲಿನ ಮೇಲೆ ಕೂತು ಅತ್ತಳು. “ಆಂಟಿ, ಮೈನೆ ಖುದ್ ಪಿನ್ ಕಿಯಾ ಥಾ. ನಂಗೆ ಕಾಣ್ಲೇ ಇಲ್ಲ.” ಸ್ಟೇಜಿಗೆ ಬಿಡುವ ಮೊದಲು ಆ ತೋಳಿಗೆ ಪಿನ್ನು ಹಾಕಿದವಳು ಅವಳೇ. ಕಾಣಬಾರದೆಂದೇ ಹೊಲಿದದ್ದು ತಾಯಿ, ನಿನ್ನ ತಪ್ಪಿಲ್ಲ ಎಂದೆ. ಹತ್ತು ದಿನ ಬೇರೆ ಕೆಲಸ ಮುಟ್ಟದೆ ತೋಳು ಕತ್ತರಿಸಿದೆ.

ಹನ್ನೊಂದನೆಯ ದಿನ ಅಳತೆಯ ಪುಸ್ತಕ ತೆಗೆದು ಯಾರದು ಮುಗಿಯಿತು, ಯಾರದು ಉಳಿಯಿತು ಎಂದು ಗುರುತು ಹಾಕುತ್ತ ಬಂದೆ. ಭಾಗ್ಯಾಳನ್ನು ಬಿಟ್ಟು ನಲವತ್ತೆರಡು. ಕತ್ತರಿಸಿಕೊಂಡು ಹೋದವರು ಮೂವತ್ತೇಳು. ಐವರು ಬಂದೇ ಇರಲಿಲ್ಲ.

ಪೆನ್ನು ಕೆಳಗಿಟ್ಟೆ. ಓಣಿಗೆ ಓಣಿಯೇ ತೋಳು ಕಿತ್ತೆಸೆಯುತ್ತಿರುವಾಗ ಐವರು ಹೆಂಗಸರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಮರಗಮ್ಮ ಡಿಸೆಂಬರಿನಲ್ಲೇ ರಾಯಚೂರಿಗೆ ಹೋದಳು, ಅವಳ ಮಾತು ಬೇರೆ ಎಂದುಕೊಂಡೆ. ಇಬ್ಬರು ನಮ್ಮ ಓಣಿಯವರೇ, ಹೆಸರು ಬೇಡ. ಇನ್ನೊಬ್ಬಳು ಎದುರಿನ ಚಾಳಿನ ಚಂದ್ರಬಾಯಿ. ಗಂಡ ಹೆಂಡತಿ ಜೋಡಿಯಾಗಿ ಹಾಲು ತರಲು ಹೋಗುವುದನ್ನು ದಿನಾ ನೋಡುತ್ತೇನೆ. ಐದನೆಯವರು ನಳಿನಿ ಮೇಡಂ. ಅವರಿಗೆ ಬಿಡುವು ಸಿಕ್ಕಿರಲಿಕ್ಕಿಲ್ಲ, ಇಂಚರ ಮನೆಯಲ್ಲಿ ಹೇಳಿದ್ದರೂ ಐರೋಲಿಯ ಟವರಿನವರು ನಮ್ಮ ಓಣಿಯ ಮಾತು ತಲೆಗೆ ಹಚ್ಚಿಕೊಳ್ಳುವುದೂ ಇಲ್ಲ. ಹಾಗಂದುಕೊಂಡೇ ಮೊದಲು ಅವರಿಗೆ ಫೋನ್ ಮಾಡಿದೆ. ಸುಲಭದ್ದು ಮೊದಲು ಮುಗಿಯಲಿ ಎಂದು.

“ಮೇಡಂ, ಎಲ್ಲಾರೂ ಆ ತೋಳ ಕತ್ರಸ್ಲಿಕತ್ಯಾರ್ರಿ. ನಿಮ್ಮವು ಎರಡ ಅವಲ್ಲ, ಕಳಸ್ತೀರೇನು?”

“ಇಲ್ಲ ಅನಸೂಯಾ, ಅದು ಹಾಗೇ ಇರ್ಲಿ” ಎಂದರು. ಯಾವಾಗಿನ ಹಾಗೆ ಮೆತ್ತಗಿನ ಮಾತು. ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು. ಆಮೇಲೆ ದನಿ ಇನ್ನೂ ಇಳಿಯಿತು. “ಇನ್ನೊಂದು ಹೊಲಿದುಕೊಡೋಕೆ ಆಗತ್ತಾ? ಆಫೀಸಿಗೆ. ಸ್ವಲ್ಪ ಅರ್ಜೆಂಟು. ಇಂಚರಂಗೆ ಮಾತ್ರ ಹೇಳ್ಬೇಡಿ.”

ಅಳತೆಯ ಪುಸ್ತಕ ಮುಚ್ಚಿದೆ.

“ಹೊಲಿಯಂಗಿಲ್ಲರೀ ಮೇಡಂ” ಎಂದೆ. “ನಾ ಬರ್ಲಿಕತ್ತೀನಿ. ಮನ್ಯಾಗೇ ಇರ್ರಿ, ಎಲ್ಲಿಗೂ ಹೋಗಬ್ಯಾಡ್ರಿ.”

ಅವರು ಬೇಡ ಎನ್ನಲಿಲ್ಲ. ಶಟರು ಇಳಿಸಿ ಸ್ಟೇಷನ್ನಿಗೆ ನಡೆದೆ. ಐರೋಲಿ ಎರಡೇ ಸ್ಟೇಷನ್ನು.